ಹನ್ನೀಯೇಲನ ಹೆಣ್ಣುಮಕ್ಕಳ ಗೋಡೆ

ತಾಳದ ಸದ್ದು ಕಿವಿಗಿಂತ ಮೊದಲು ಅಂಗೈಗೆ ಬಂತು, ಪೌಳಿಗೋಡೆಗೆ ಕೈಯೊತ್ತಿ ನಿಂತಿದ್ದ ಯೆಮೀಮಳಿಗೆ ಹಾಗೇ ಅನ್ನಿಸಿತು, ಕಲ್ಲಿನೊಳಗೆ ಸಣ್ಣದೊಂದು ಗುರುಗುರು, ಬರುತ್ತಿದ್ದಾರೆ, ಕಟ್ಟಿ ಮುಗಿದ ಊರಗೋಡೆಯ ಪ್ರತಿಷ್ಠೆಯ ಮೆರವಣಿಗೆ, ಕಸದ ಬಾಗಿಲು ದಾಟಿ ಗೋಡೆಯ ನೆತ್ತಿಯ ಮೇಲೇ ಬರುತ್ತಿದ್ದಾರೆ, ತಾಳದವರು, ತುತೂರಿಯವರು, ಕಿನ್ನರಿಯವರು, ಹಿಂದೆ ಅರ್ಧ ಯೆರೂಸಲೇಮು — ಎಷ್ಟು ಕಾಲುಗಳು, ದೇವರೇ, ಅಷ್ಟು ಕಾಲು ಒಟ್ಟಿಗೆ ತಮ್ಮ ಪಾಲಿನ ಈ ತುಂಡಿನ ಮೇಲೆ ಬಿದ್ದೇ ಇಲ್ಲ, ಅವಳು, ತಂಗಿ ಹೊಗ್ಲ, ಮತ್ತೊಂದು ಕತ್ತೆ, ಇಷ್ಟೇ ಇದುವರೆಗೆ ಹತ್ತಿದ್ದು, ಕತ್ತೆಯನ್ನು ಹತ್ತಿಸಿದ್ದು ಹೊಗ್ಲ, ಅವಳ ತಲೆಯೇ ಹಾಗೆ, ಗೋಡೆ ಏಳುವುದೇ ಬೇಡವಾಗಿದ್ದ ಆ ಪರದೇಶಿ ಅಮ್ಮೋನ್ಯ ಕಣಿವೆಯಾಚೆ ನಿಂತು ಇವರ ಗೋಡೆಗೆ ನರಿ ಹತ್ತಿದ್ರೂ ಸಾಕು ಉದುರಿಹೋಗುತ್ತೆ ಅಂತ ಕೂಗಿ ಹೇಳಿ ನಗಿಸಿದನಲ್ಲ, ನರಿಯನ್ನ ಎಲ್ಲಿ ಹುಡುಕೋಣ ಅಕ್ಕ, ಕತ್ತೆ ಇದೆ, ಅಂದಳು, ಕತ್ತೆ ಗೋಡೆಯ ಮೇಲೆ ನಿಂತು ಊರೆಲ್ಲ ನೋಡಿ ಲದ್ದಿ ಹಾಕಿ ಇಳಿಯಿತು, ಗೋಡೆ ಹಾಗೇ ಇತ್ತು, ಕಾಲು ಜಜ್ಜಿಹೋದ ಮೇಲೆ ಅಪ್ಪ ನಕ್ಕಿದ್ದು ಅವತ್ತೇ. ಗೋಡೆ ಕಟ್ಟುವಾಗ ಕಾಲ ಮೇಲೆ ಬಿದ್ದ ಆ ಕಲ್ಲು, ಅದು ಜಾರಿದಾಗ ಅಪ್ಪ ಕಿರುಚಲೂ ಇಲ್ಲ, ನೋಡಿ ಅಂದ, ಅಷ್ಟೇ, ಯಾರಿಗೆ ಅಂದನೋ, ಮಾರನೆಯ ಬೆಳಿಗ್ಗೆಯೇ ಮಲ್ಲೂಕ ಚಿಕ್ಕಪ್ಪ ಹಾಜರು, ಅಪ್ಪನ ದಾಯಾದಿ, ಎಣ್ಣೆ ಹಚ್ಚಿದ ಗಡ್ಡ, ಹಾಸಿಗೆಯ ಪಕ್ಕ ಕೂತು ಅಂಜೂರ ತಿನ್ನುತ್ತ, ಹನ್ನೀಯೇಲ, ಕಾಲಂತೂ ಹೋಯ್ತು, ಮನೇಲಿ ಗಂಡುದಿಕ್ಕಿಲ್ಲ, ಮನೆಗಿಷ್ಟು ಅಂತ ಹಂಚಿದ್ದರಲ್ಲಿ ನಿನ್ನ ಪಾಲಿನ ಗೋಡೆ ನನಗೆ ಬಿಡು, ನನ್ನ ಹೆಸರಲ್ಲೇ ಮುಗೀಲಿ, ಮಾನ ಉಳಿಯುತ್ತೆ. ಇವತ್ತು ಗೋಡೆ, ನಾಳೆ ಹೊಲ, ನಾಡಿದ್ದು ಬಾವಿ, ಅದು ಹೊಗ್ಲಳಿಗೂ ಗೊತ್ತಾಯಿತು, ಅವಳ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು, ಅಪ್ಪ ಇಬ್ಬರ ಕೈಗಳನ್ನೂ ನೋಡಿದ, ಬಹಳ ಹೊತ್ತು ನೋಡಿದ, ಕಟ್ಟೋ ಕೈ ನನ್ನ ಮನೇಲಿ ಇನ್ನೂ ನಾಲ್ಕಿದೆ ಮಲ್ಲೂಕ, ಅಂಜೂರ ಇನ್ನೆರಡು ತಗೋ. ಹೊಗ್ಲ ಅಂದರೆ ಅರಣ್ಯದಲ್ಲಿ ಮೋಶೆಯ ಮುಂದೆ ಹೋಗಿ ನಿಂತು ಅಪ್ಪನ ಪಾಲು ಕೇಳಿದ ಐವರು ಅಕ್ಕತಂಗಿಯರಲ್ಲಿ ಒಬ್ಬಳ ಹೆಸರು, ಗಂಡುಮಗು ಆಗಲಿಲ್ಲವೆಂದು ಸೂಲಗಿತ್ತಿ ಮುಖ ಸಪ್ಪಗೆ ಮಾಡಿದಾಗ ಅಪ್ಪನೇ ಹುಡುಕಿ ಇಟ್ಟ ಹೆಸರು, ಅಂದಿನಿಂದ ಕೆಲಸ ಇಬ್ಬರದೇ, ಆಚೆಯವರು ಮೇಲೆ ಬಿದ್ದಾರೆಂದು ಹೊಗ್ಲ ಈಟಿ ಹಿಡಿದು ಕಾಯುವುದು ಯೆಮೀಮ ಗಾರೆ ಕಲಸುವುದು, ಮಧ್ಯಾಹ್ನ ಅದಲು ಬದಲು, ಹಿಂದೆ ಊರಿಗೆ ಬೆಂಕಿಯಿಟ್ಟು ಬಾಬೆಲಿನವರು ಸುಟ್ಟ ಕಲ್ಲುಗಳನ್ನು ಬೂದಿಯಿಂದ ಎಳೆದು ತೊಳೆದರೆ ನೀರು ಕರ್ರಗೆ, ಉಗುರು ಕರ್ರಗೆ, ರಾತ್ರಿಯ ಊಟವೂ ಹೊಗೆ ನಾರುವುದು, ಸೆರೆಹೋದವರ ನಡುವೆ ಹುಟ್ಟಿದ ಅಜ್ಜ ಕಣ್ಣಲ್ಲಿ ಕಾಣದ ಊರಿಗಾಗಿ ಬಾಬೆಲಿನಲ್ಲಿ ಕೂತು ಅತ್ತನಂತೆ, ಆ ಅಳುವಿಗೂ ಇದೇ ವಾಸನೆ ಇದ್ದಿರಬೇಕು —

ಹಾಡು ನಿಂತಿತು. ಯಾಕೆ ನಿಂತಿತು, ಕೈಯಡಿಯ ಗುರುಗುರುವೂ ಇಲ್ಲ, ತಲೆಯೆತ್ತಿದರೆ ಮಲ್ಲೂಕನ ಪಾಲು ಮುಗಿದು ಅವರ ಪಾಲು ಶುರುವಾಗುವಲ್ಲಿ ಬಿಳಿ ನಾರುಬಟ್ಟೆಗಳೆಲ್ಲ ಗುಂಪುಗೂಡಿವೆ, ಮುಂದೆ ತಾಳ ಹಿಡಿದ ಮುದಿ ಲೇವಿ, ದೇವಾಲಯದ ಹಾಡುಗಾರ, ಅವನ ಪಕ್ಕ ಚಿಕ್ಕಪ್ಪನ ಗಡ್ಡ, ಇಲ್ಲಿ ಇಳಿದು ಆ ಕಡೆ ಮತ್ತೆ ಹತ್ತೋಣ ಸ್ವಾಮಿ, ಇದು ಹುಡುಗೀರು ಕಟ್ಟಿದ್ದು, ಒಳ್ಳೇ ದಿನ, ಯಾಕೆ ಸುಮ್ಮನೆ, ಮೆಲ್ಲಗೆ ಹೇಳಿದ ಹಾಗೆ ಹೇಳುತ್ತಿದ್ದಾನೆ, ಊರಿಗೆಲ್ಲ ಕೇಳಲೆಂದೇ ಹೇಳುತ್ತಿದ್ದಾನೆ, ಇಳಿದರೆ ಮುಗಿಯಿತು, ಇವತ್ತು ಇವರು ಇಳಿದುಬಿಟ್ಟರೆ ನಾಳೆ ಮಕ್ಕಳೂ ಇದರ ಮೇಲೆ ಓಡುವುದಿಲ್ಲ, ನಾಡಿದ್ದು ಚಿಕ್ಕಪ್ಪ ಕೆಡವಿ ತನ್ನ ಹೆಸರಲ್ಲಿ ಕಟ್ಟುತ್ತಾನೆ, ಕೆಳಗೆ ಕೋಲೂರಿ ಕೂತ ಅಪ್ಪನ ಮುಖ ಕಲ್ಲಾಗಿದೆ, ಅಕ್ಕ, ಕತ್ತೆ ತರ್ಲಾ, ಅನ್ನುತ್ತಿದ್ದಾಳೆ ಹೊಗ್ಲ, ಬೇಡ ಕಣೇ, ನಾನೇ ಹೋಗ್ತೀನಿ, ಮೆಟ್ಟಿಲು ಕಾಲಿಗೆ ತಾವಾಗಿ ಸಿಗುತ್ತಿವೆ, ಬಿಸಿಲು, ಕಿದ್ರೋನ್ ಕಣಿವೆಯ ಗಾಳಿ, ಸೆರಗು ಹಾರುತ್ತಿದೆ, ಅಷ್ಟು ಗಂಡಸರ ಕಣ್ಣು, ತಮ್ಮ ಗೋಡೆಯ ನಡುಮಧ್ಯೆ ಹೋಗಿ ನಿಂತಳು, ಲೇವಿ ಅಜ್ಜ, ಬನ್ನಿ, ಬಿದ್ರೆ ಮೊದಲು ಬೀಳೋಳು ನಾನು. ಮುದಿ ಲೇವಿ ಕಣ್ಣು ಕಿರಿದು ಮಾಡಿ ನೋಡಿದ, ಯಾರ ಮಗಳಮ್ಮ ನೀನು, ಹನ್ನೀಯೇಲನ ಮಗಳು ಅಜ್ಜ, ಕಟ್ಟಿದ್ದು ನಾನು ನನ್ನ ತಂಗಿ, ನಿಮ್ಮಪ್ಪ ಎಲ್ಲಿ, ಕೆಳಗಿದ್ದಾನೆ, ಕಾಲು ಜಜ್ಜಿಹೋಗಿದೆ. ಮುದುಕ ಚಿಕ್ಕಪ್ಪನ ಕಡೆ ತಿರುಗಿದ, ಮಲ್ಲೂಕ, ನಿನ್ನ ಹೆಗಲು ಗಟ್ಟಿ ಇದ್ದ ಹಾಗಿದೆ, ಹೋಗಿ ಅವನನ್ನ ಎತ್ಕೊಂಡು ಬಾ, ಅವನ ಗೋಡೆ ಮೇಲೆ ಅವನಿಗಿಂತ ಮೊದಲು ನಾನು ಕಾಲಿಡೋದು ಸರಿಯಲ್ಲ — ಯಾರೋ ನಕ್ಕರು, ಆಮೇಲೆ ಎಲ್ಲರೂ, ತುತೂರಿಯವರಿಗೆ ಊದಲು ಆಗದಷ್ಟು ನಗು, ಚಿಕ್ಕಪ್ಪನ ಬೆನ್ನ ಮೇಲೆ ಅಪ್ಪ ಬರುತ್ತಿದ್ದಾನೆ, ರಾಜನ ಹಾಗೆ ಬರುತ್ತಿದ್ದಾನೆ, ಎಣ್ಣೆಯ ಗಡ್ಡದಲ್ಲಿ ಬೆವರು, ಹಿಂದಿನಿಂದ ಹೊಗ್ಲ ಕೋಲು ಹಿಡಿದು ಹುಷಾರು ಚಿಕ್ಕಪ್ಪ, ಈ ಮೆಟ್ಟಿಲು ನೀವು ಕಟ್ಟಿದ್ದು, ಸ್ವಲ್ಪ ಅಲ್ಲಾಡುತ್ತೆ ಅನ್ನುತ್ತಿದ್ದಾಳೆ, ಅಪ್ಪ ಇಳಿದ, ಇಬ್ಬರು ಮಕ್ಕಳ ಹೆಗಲಿಗೆ ಎರಡು ಕೈ ಹಾಕಿದ, ನಡೀರಿ ಅಂದ, ಅಷ್ಟೇ, ತಾಳ ಮತ್ತೆ ಎದ್ದಿತು, ಒಮ್ಮೆಗೇ ಎಲ್ಲ ಗಂಟಲೂ, ಅಮ್ಮೋನ್ಯನಿಗೂ ಕೇಳಲಿ, ಅವನ ಮಾತಿಗೆ ನಕ್ಕ ಸಮಾರ್ಯದವರಿಗೂ ಕೇಳಲಿ, ಬಾಬೆಲಿನಲ್ಲಿ ಮಣ್ಣಾದ ಅಜ್ಜನಿಗೂ ಕೇಳಲಿ, ಆಚೆ ತುದಿ ಮುಟ್ಟಿ ಅವಳು ತಿರುಗಿ ನೋಡಿದಳು, ಬರುತ್ತಿವೆ, ಚಪ್ಪಲಿಯ ಕಾಲು, ಬರಿಗಾಲು, ಬಸುರಿಯ ಬಾತ ಕಾಲು, ಹೆಗಲಿಂದ ಇಳಿಸಿಬಿಟ್ಟ ಮಗುವಿನ ಕಾಲು, ಸುಟ್ಟ ಕಲ್ಲಿನ ಮೇಲೆ ಕಾಲು, ಅದರ ಹಿಂದೆ ಕಾಲು, ಕಲ್ಲು ಕದಲುತ್ತಿಲ್ಲ, ಕಾಲುಗಳು — ಬರುತ್ತಲೇ ಇರುವ ಕಾಲುಗಳು —