ಬೆಸುಗೆಗೆ ಮುಂಚೆ ಸೋಪಿನ ನೀರು

ಜಪಾನಿನ ನಮ್ಮ ಸಾಂಜೋ ಊರಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಿಮ ಕರಗುತ್ತದೆ, ಜೊತೆಗೆ ಕಾರುಗಳ ತಳವೂ ತುಕ್ಕು ಹಿಡಿದು ಕರಗುತ್ತದೆ. ನನ್ನ ಗಂಡ ಕುನಿಹಿಕೊ ಆಸೆಪಟ್ಟು ತಂದ ಹಳೇ ಪುಟ್ಟ ಕಾರಿನೊಳಗೆ ಕೂತರೆ ಕಾಲಡಿಯ ತೂತಿನಿಂದ ನೆಲ ಕಾಣುತ್ತಿತ್ತು. ತಾವೇ ತಗಡು ಬೆಸೆಯುವುದಾಗಿ ಹೇಳಿ ವೆಲ್ಡಿಂಗ್ ಯಂತ್ರವನ್ನೂ ತಂದರು.

ಪಕ್ಕದ ಮನೆಯ ಮಿತ್ಸುಯೋ ಅಕ್ಕ ತಮ್ಮ ಹಳೇ ಪಿಕಪ್ ಗಾಡಿಗಾಗಿ ಭಾನುವಾರದ ವೆಲ್ಡಿಂಗ್ ತರಗತಿಗೆ ಹೋಗುತ್ತಿದ್ದರು. "ನೀನೂ ಬಾರಪ್ಪ" ಎಂದು ಇವರನ್ನು ಕರೆದರು.

"ಸುಮ್ನಿರಿ ಅಕ್ಕ, ಮುಟ್ಟಿಸಿದ್ರೆ ಅಂಟುತ್ತೆ. ಅದಕ್ಕೂ ಸ್ಕೂಲಿಗೆ ಹೋಗ್ಬೇಕಾ?"

"ಹೋಗು, ನಿನ್ನ ಹಣೆಬರಹ" ಎಂದು ಅಕ್ಕ ನಕ್ಕರು.

ವರ್ಷದ ಕೊನೆಗೆ ಮನೆಯೆಲ್ಲ ಉಜ್ಜಿ ತೊಳೆಯುವುದು ನಮ್ಮ ಪದ್ಧತಿ. ನಾನು ಅಡುಗೆಮನೆ ಹಿಡಿದೆ, ಇವರು ಶೆಡ್ ಹಿಡಿದರು. ಜಿಡ್ಡು ತೆಗೆಯುವ ಬ್ರೇಕ್ ಕ್ಲೀನರ್ ದ್ರಾವಣವನ್ನು ಡಬ್ಬಿಯಿಂದ ಸಿಂಪಡಿಸಿ ಕಾರಿನ ತಳ ಫಳಫಳ ಹೊಳೆಯುವಂತೆ ಮಾಡಿದರು. ಚಳಿಯೆಂದು ಬಾಗಿಲು ಹಾಕಿಕೊಂಡು, ವೆಲ್ಡಿಂಗ್ ಮುಖವಾಡ ಏರಿಸಿಕೊಂಡರು. ಅಷ್ಟರಲ್ಲಿ ಕಿತ್ತಳೆ ಕೊಡಲು ಬಂದ ಮಿತ್ಸುಯೋ ಅಕ್ಕ ವಾಸನೆ ಹಿಡಿದವರೇ ಬಾಗಿಲು ತಳ್ಳಿ, ಯಂತ್ರದ ಪ್ಲಗ್ ಕಿತ್ತರು.

"ಏನಕ್ಕಾ ಇದು! ನೋಡಿ, ಒಂದು ಚೂರು ಜಿಡ್ಡಿಲ್ಲ."

"ಅದೇ ನನ್ನ ಭಯ. ಮೊದ್ಲು ಹೊರಗೆ ಬಾ!" ಅಂಗಳದಲ್ಲಿ ಡಬ್ಬಿ ತಿರುಗಿಸಿ ತೋರಿಸಿದರು. "ಓದು. ಕ್ಲೋರಿನ್ ಇರೋ ದ್ರಾವಣ. ಇದ್ರ ಮೇಲೆ ವೆಲ್ಡಿಂಗ್ ಉರಿ ಬಿದ್ರೆ ವಿಷಗಾಳಿ ಏಳುತ್ತೆ. ಆಗ ಒಂದಿಷ್ಟು ಕೆಮ್ಮಿ ಸುಮ್ನಾಗ್ತೀಯ. ಕೆಲವು ಗಂಟೆ ಆದ್ಮೇಲೆ ಎದೆಯೊಳಗೆ ನೀರು ತುಂಬಿ ಪ್ರಾಣನೇ ಹೋಗ್ಬಹುದು."

ಗದ್ದಲ ಕೇಳಿ ಅಡುಗೆಮನೆಯಿಂದ ನಾನೂ ಅಂಗಳಕ್ಕೆ ಓಡಿ ಬಂದಿದ್ದೆ. "ಕ್ಲೋರಿನ್ ಇಲ್ಲದ್ದು ಆಗ್ಬಹುದಾ ಅಕ್ಕ?" ಎಂದೆ.

"ಅದು ಭಗ್ಗಂತ ಹತ್ಕೊಳ್ಳುತ್ತೆ ಕಣೇ. ನೀನು ಪಾತ್ರೆ ತೊಳೀತೀಯಲ್ಲ, ಆ ಸೋಪಿನ ನೀರು ಸಾಕು. ತೊಳೆದು, ಪೂರ್ತಿ ಒಣಗಿಸಿ, ತಂತಿ ಬ್ರಶ್ಶಲ್ಲಿ ಉಜ್ಜಿದ್ರಾಯ್ತು. ಇವತ್ತಂತೂ ಕಿಡಿ ಹಾರಿಸೋದು ಬೇಡ. ಆ ದ್ರಾವಣ ಸಂದಿಯೊಳಗೆಲ್ಲ ಇಳಿದಿರುತ್ತೆ."

ಇವರು ಮುಖವಾಡ ಕಳಚಿದರು. "ಭಾನುವಾರ ಎಷ್ಟು ಹೊತ್ತಿಗೆ ಅಕ್ಕಾ?"

ತರಗತಿಯಲ್ಲಿ ಮೊದಲು ರದ್ದಿ ತಗಡಿನ ಮೇಲೆಯೇ ಅಭ್ಯಾಸ. ಇವರ ಮೊದಲ ಬೆಸುಗೆ ನೋಡಿ ಅಕ್ಕ "ಕಾಗೆ ಗಲೀಜು ಮಾಡಿದ ಹಾಗಿದೆ" ಎಂದರು. ವೆಲ್ಡಿಂಗಿನಲ್ಲಿ ಎರಡೂ ಲೋಹಗಳು ಕರಗಿ ಒಂದಾಗುತ್ತವೆ, ಬ್ರೇಜಿಂಗಿನಲ್ಲಿ ನಡುವಿನ ಹಿತ್ತಾಳೆ ತಂತಿ ಮಾತ್ರ ಕರಗಿ ಎರಡನ್ನೂ ಹಿಡಿಯುತ್ತದೆ ಎಂದು ಈಗ ಊಟಕ್ಕೆ ಕೂತಾಗ ನನಗೇ ಪಾಠ ಹೇಳುತ್ತಾರೆ. ವಸಂತದಲ್ಲಿ ಕಾರಿನ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರವಿಟ್ಟು, ಒಳಗಿನ ಹಾಸು ತೆಗೆದು, ತರಗತಿಯ ಗುರುಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ತಳ ಬೆಸೆದರು.

ಮಿತ್ಸುಯೋ ಅಕ್ಕನ ಹಿಮ ಬಾಚುವ ಸಲಿಕೆ ಮುರಿದು ಬಿದ್ದಿತ್ತು. ಇವರು ಅದಕ್ಕೆ ಹಿತ್ತಾಳೆಯ ಬೆಸುಗೆ ಹಾಕಿ, ತಲೆಬಾಗಿ ಎರಡೂ ಕೈಯಲ್ಲಿ ಕೊಟ್ಟರು.

"ಇಷ್ಟು ಹಿತ್ತಾಳೆ ಸುರಿದಿದ್ದೀಯಲ್ಲೋ, ಮಾರಿದ್ರೆ ಹೊಸ ಸಲಿಕೆ ಬರುತ್ತೆ" ಎಂದರು ಅಕ್ಕ. ಆದರೂ ಅದನ್ನೇ ಬಳಸುತ್ತಾರೆ. ಹಿಮ ಬಿದ್ದ ಬೆಳಿಗ್ಗೆ ಆ ಸಲಿಕೆಯ ಕರಕರ ಸದ್ದು ಕೇಳಿದಾಗಲೆಲ್ಲ ನಾನು ಆ ಮನೆಯ ಕಡೆ ಕೈಮುಗಿಯುತ್ತೇನೆ. ಪಕ್ಕದಲ್ಲಿ ಇವರು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿರುತ್ತಾರೆ.

ನಿಮ್ಮ ಮನೆಯಲ್ಲೂ ಹಳೇ ಗಾಡಿಯ ಹುಚ್ಚು ಹಿಡಿದವರಿದ್ದಾರೆಯೇ? ಬೈಯಬೇಡಿ, ತಡೆಯಬೇಡಿ. ಬಲ್ಲವರ ಹತ್ತಿರ ಕಲಿಯಲು ಕಳಿಸಿ. ಶೆಡ್ಡಿನ ಬಾಗಿಲು ತೆರೆದಿಡಿ, ಕೈಗೆಟಕುವಂತೆ ಬೆಂಕಿ ಆರಿಸುವ ಸಿಲಿಂಡರ್ ಇಡಿ. ಕಿಡಿ ಹಾರುವ ಮುಂಚೆ ಒಮ್ಮೆ ಕೇಳಿ: "ಏನು ಹಾಕಿ ಒರೆಸಿದ್ರಿ?"