ಕೆಂದಿಲ್ ಬಾಯಿಯ ‘ಮೊಂಗೊ’

ಮೂವತ್ತು ವರ್ಷ ಕೆತೊಪ್ರಾಕ್ ನಾಟಕ ಕಂಪನಿಯಲ್ಲಿ ಊರೂರು ನಗಿಸಿದ ವರ್ಸಿಯೆಮ್‌ಗೆ ಜಾವಾದ ಕ್ಲಾಟೆನ್ ಪೇಟೆಯಲ್ಲಿ ಸ್ವಂತ ಹೆಸರೇ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಯು ಕೆಂದಿಲ್, ಅಂದರೆ ಮಡಕೆಯಕ್ಕ. ಮನೆಗೆಲಸದವಳ ವೇಷದಲ್ಲಿ ಚಹಾದ ತಟ್ಟೆ ಹಿಡಿದು ಬಂದು, ಸೊಂಟ ಒಂದು ಕಡೆ ಎಸೆದು, “ಮೊಂ...ಗೋ” ಎಂದು ರಾಗ ಎಳೆದರೆ ಸಾಕು, ಜನ ಬಿದ್ದು ಬಿದ್ದು ನಗುತ್ತಿದ್ದರು. ಮೊಂಗೊ ಎಂದರೆ ‘ತಗೊಳ್ಳಿ’, ಅಷ್ಟೇ. ಮನೆಯ ಹಿರಿಯರ ಬಾಯಿಂದ ಅದು ಬರುವ ತನಕ ಜಾವಾದಲ್ಲಿ ಯಾವ ಮರ್ಯಾದಸ್ಥನೂ ಚಹಾದ ಲೋಟ ಮುಟ್ಟುವುದಿಲ್ಲ.

ಗಂಡ ಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಬಣ್ಣದ ಪೆಟ್ಟಿಗೆಗಳ ನಡುವೆಯೇ ಬೆಳೆಸಿದಳು. ಬುದ್ಧಿ ಹೇಳಿದ್ದೂ ಅಲ್ಲೇ, ಹುಬ್ಬು ಬರೆದುಕೊಳ್ಳುತ್ತಾ.

“ಗಂಡಸು ಹಸಿದಾಗ ಹೇಗಿರ್ತಾನೆ ನೋಡ್ಕೊಂಡು ಮದುವೆ ಆಗ್ರೇ. ಹೊಟ್ಟೆ ತುಂಬಿದಾಗ ಎಲ್ಲರೂ ರಾಜಕುಮಾರರೇ. ನಿಮ್ಮಪ್ಪ ಹಸಿದಾಗಲೂ ಹಾಡೋನು. ಅಪಸ್ವರವೇ ಬಿಡಿ, ಆದ್ರೂ ಹಾಡೋನು!”

“ಅಳು ಬಂದ್ರೆ ಅತ್ತುಬಿಡಿ. ಕಾಡಿಗೆ ಹಚ್ಚೋಕೆ ಮುಂಚೆ ಅತ್ರೆ ಉಳಿತಾಯ.”

ಒಂದನ್ನು ಮಾತ್ರ ನಗದೆ ಹೇಳುತ್ತಿದ್ದಳು: “ತಪ್ಪಾದ್ರೆ ತಪ್ಪಾಯ್ತು ಅಂತ ಎಲ್ಲರೆದುರೇ ಹೇಳಿ. ಜನ ಕ್ಷಮಿಸ್ತಾರೆ. ಏನೂ ಆಗಿಲ್ಲ ಅಂತ ನಟಿಸಿದ್ರೆ ಮಾತ್ರ ಚಪ್ಪಲಿ ಬೀಳುತ್ತೆ.”

ಕಿರಿಯವಳು ಗೆಂದಿಸ್ ಇದಕ್ಕೆಲ್ಲ ಹೊಟ್ಟೆ ಹಿಡಿದು ನಗುವಳು. ಹಿರಿಯವಳಾದ ವಿಗತಿಗೆ ನಗು ಬರುತ್ತಿರಲಿಲ್ಲ. ಶಾಲೆಯಲ್ಲಿ ಅವಳನ್ನು ‘ಮಡಕೆ ಮರಿ’ ಎಂದು ಕರೆದಿದ್ದರು, ಆ ಮುಳ್ಳು ಇನ್ನೂ ಒಳಗೇ ಇತ್ತು. ಈಗ ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನಿವೃತ್ತ ಹೆಡ್‌ಮಾಸ್ತರರ ಮಗ ಬಗಾಸ್‌ಗೆ ಮನಸ್ಸು ಕೊಟ್ಟಿದ್ದಳು, ಅವನ ಮನೆಯವರು ಭಾನುವಾರ ಹೆಣ್ಣು ಕೇಳಲು ಬರುವವರಿದ್ದರು.

“ಅಮ್ಮ, ಅವತ್ತೊಂದು ದಿನ ನಾಟಕ ಬೇಡ,” ಎಂದಳು ವಿಗತಿ. “ಗಂಭೀರ ಜನ ಅವರು. ನಿನ್ನ ಸ್ಟೇಜ್ ಮಾತು ಒಂದೂ ಬಾಯಿಂದ ಬರಬಾರದು. ಈ ಸಂಬಂಧ ತಪ್ಪಿದ್ರೆ ನನಗೆ ಇನ್ನೊಂದು ಬೇಡ.”

ಅಮ್ಮ ಬಾಯಿ ತೆರೆದಳು. ನಾಲಿಗೆಯ ತುದಿಗೆ ಏನೋ ಬಂದಿತ್ತು, ನುಂಗಿಕೊಂಡಳು. “ಆಯ್ತು ಮಗಳೇ,” ಎಂದಳು.

ಭಾನುವಾರ ಬೆಳಿಗ್ಗೆ ಐದು ಜನ ಬಂದರು, ಬಾಳೆಗೊನೆ ಮತ್ತು ಅಂಟಕ್ಕಿಯ ಸಿಹಿ ಹೊತ್ತು. ವಿಗತಿ ತಲೆ ತಗ್ಗಿಸಿ ಮಲ್ಲಿಗೆ ಘಮದ ಚಹಾ ಇಟ್ಟು ಪರದೆಯ ಹಿಂದೆ ಸರಿದಳು. ಬಗಾಸ್‌ನ ಚಿಕ್ಕಪ್ಪ ನಯವಾದ ಮಾತಿನಲ್ಲಿ ಹೆಣ್ಣು ಕೇಳಿ ಮುಗಿಸಿದರು. ಅಮ್ಮ ತಲೆಯಾಡಿಸಿದಳು. ಬಂದವರು ಅವಳ ಮಾತಿಗೆ ಕಾದು ಕೂತರು.

ಐದು ಲೋಟಗಳಲ್ಲಿ ಹಬೆ ಏಳುತ್ತಿತ್ತು. ಹೆಡ್‌ಮಾಸ್ತರ ಸುರೋತೊ ಲೋಟ ನೋಡಿದರು, ಗೋಡೆಯ ಮೇಲಿನ ಹಲ್ಲಿ ನೋಡಿದರು, ಮತ್ತೆ ಲೋಟ ನೋಡಿದರು. ಹಬೆ ನಿಂತಿತು. ಚಿಕ್ಕಪ್ಪ ಕೆಮ್ಮಿದರು.

“ನಾವು ಬಂದಿದ್ದು... ಬಹುಶಃ ನಿಮಗೆ ಸರಿ ಬರ್ಲಿಲ್ವೇನೋ, ಅಕ್ಕಾ.”

ಅಮ್ಮ ಗಾಬರಿಯಿಂದ ತಲೆ ಅಲ್ಲಾಡಿಸಿ, ತಿಂಡಿ ತರುವ ನೆಪ ಮಾಡಿಕೊಂಡು ಒಳಗೆ ಓಡಿ ಬಂದಳು. ಬೆವರು ಇಳಿಯುತ್ತಿತ್ತು.

“ಮೊಂಗೊ ಅನ್ನಮ್ಮ!” ಗೆಂದಿಸ್ ಪಿಸುಗುಟ್ಟಿದಳು. “ಎದ್ದು ಹೊರಟೇಬಿಡ್ತಾರೆ!”

“ಹೇಗೆ ಅನ್ನಲೇ? ನನ್ನ ಬಾಯಲ್ಲಿ ಅದು ಒಂದೇ ಥರ ಬರೋದು. ನಿಮ್ಮಪ್ಪ ಸತ್ತ ದಿನ ಬಂದವರಿಗೆ ಚಹಾ ಕೊಟ್ಟು ಮೊಂಗೊ ಅಂದೆ. ಅವತ್ತೂ ನಕ್ಕರು. ನಿಮ್ಮಕ್ಕನ ಮದುವೆ ಕೆಡಿಸಲಾ?”

ವಿಗತಿಗೆ ಆ ದಿನ ನೆನಪಿತ್ತು. ನಕ್ಕವರ ಮೇಲೆ ಬರಬೇಕಿದ್ದ ಸಿಟ್ಟು ಅವಳಿಗೆ ಬಂದಿದ್ದು ಅಮ್ಮನ ಮೇಲೆ. ಗಂಡನ ಹೆಣದ ಪಕ್ಕದಲ್ಲಿ ನಿಂತವಳು ನಗಿಸಲು ಹೇಳಿರಲಿಲ್ಲ ಎಂಬುದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಪರದೆ ಸರಿಸಿ ಹೊರಗೆ ಬಂದಳು. ಹೊರಗೆ ಚಿಕ್ಕಪ್ಪ ಆಗಲೇ ಟೋಪಿ ಸರಿಮಾಡಿಕೊಳ್ಳುತ್ತಿದ್ದರು.

“ತಪ್ಪು ನಂದು,” ಎಂದಳು. “ಅಮ್ಮನ ಬಾಯಿ ಕಟ್ಟಿದ್ದು ನಾನು. ನೀವು ನಗ್ತೀರಿ ಅಂತ ಹೆದರಿ. ಅವಳು ಕೆಂದಿಲ್, ನಾನು ಕೆಂದಿಲ್ ಮಗಳು. ಬೇಕೋ ಬೇಡವೋ, ಈಗ ನೀವೇ ಹೇಳಿ.”

ಸುರೋತೊ ಕನ್ನಡಕ ತೆಗೆದು ಒರೆಸತೊಡಗಿದರು. ಮಾತಾಡಿದ್ದು ಅವರ ಹೆಂಡತಿ.

“ಅಯ್ಯೋ ಮಗಳೇ, ದಾರಿಯುದ್ದಕ್ಕೂ ಇವರದ್ದು ಅದೇ ಜಪ. ಇವತ್ತು ಯು ಕೆಂದಿಲ್ ಎದುರಿಗೇ ಕೂತು ಆ ಮೊಂಗೊ ಕೇಳ್ತೀನಿ ಅಂತ. ಅದಕ್ಕೇ ಬಾಯಿ ಒಣಗಿಸ್ಕೊಂಡು ಕೂತಿದ್ದೀವಿ.”

ಪರದೆಯ ಬಳಿ ನಿಂತಿದ್ದ ಅಮ್ಮ ಮಗಳ ಮುಖ ನೋಡಿದಳು, ಅಪ್ಪಣೆ ಕೇಳುವ ಹಾಗೆ. ಆ ನೋಟ ವಿಗತಿಗೆ ತಡೆಯಲಾಗಲಿಲ್ಲ.

“ಹೇಳಮ್ಮ. ನಿನ್ನ ಥರಾನೇ ಹೇಳು.”

ಕೆಂದಿಲ್ ಮುಂದೆ ಬಂದು ಸೊಂಟ ಎಸೆದು ನಿಂತಳು. ಐವರೂ ನಗಲು ಸಿದ್ಧರಾದರು. ಆದರೆ ಅವಳು ಮಗಳತ್ತ ನೋಡಿ ನೆಟ್ಟಗೆ ನಿಂತುಕೊಂಡಳು.

“ಮೊಂಗೊ,” ಎಂದಳು. ರಾಗವಿಲ್ಲದೆ, ಮೆಲ್ಲಗೆ, ಯಾವುದೇ ಮನೆಯ ತಾಯಿ ಹೇಳುವಂತೆ.

ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ತಣ್ಣಗಾದ ಚಹಾ ಎತ್ತಿಕೊಂಡು ಕುಡಿಯತೊಡಗಿದರು. ವಿಗತಿ ಅಮ್ಮನ ಕೈ ಹಿಡಿದುಕೊಂಡಳು.

ಅಮ್ಮ ಹೆಗಲ ವಸ್ತ್ರದಲ್ಲಿ ಮೂಗು ಒರೆಸಿಕೊಂಡಳು. “ನೋಡಿದ್ಯೇನೇ? ಮೂವತ್ತು ವರ್ಷಕ್ಕೆ ಒಂದು ಸಲ ಸರಿಯಾಗಿ ಹೇಳಿದೆ, ಒಬ್ಬರೂ ನಗಲಿಲ್ಲ. ಹೋಯ್ತು ನನ್ನ ಕೆಲಸ.”

ಹೆಡ್‌ಮಾಸ್ತರರ ಮೂಗಿನಿಂದ ಚಹಾ ಚಿಮ್ಮಿ ಬಾಳೆಗೊನೆಯ ಮೇಲೆಲ್ಲ ಸಿಡಿಯಿತು. ಮೊದಲು ನಕ್ಕವಳು ವಿಗತಿ.