ಗಡಿ ದಾಟಿ ಬಂದ ಮೂರು ಒಂಟೆಗಳು

ನನ್ನ ತಂಗಿ ಹಿಸ್ಸಾಳನ್ನು ಸೌದಿಗೆ ಮದುವೆ ಮಾಡಿಕೊಟ್ಟಾಗ ಯಾರೂ ಅದನ್ನು ಪರದೇಶ ಅಂದಿರಲಿಲ್ಲ. ಕತಾರಿನ ನಮ್ಮ ಮನೆಯಿಂದ ಕಾರಿನಲ್ಲಿ ಎರಡು ಗಂಟೆ ದಾರಿ. ಕುಲ ಒಂದೇ, ಒಂಟೆಗಳ ತೊಡೆಗೆ ಗುರುತಿಗೆಂದು ಹಾಕುವ ಬರೆಯೂ ಒಂದೇ. ಆ ಕಡೆ ಮೇವು ಚೆನ್ನಾಗಿದ್ದುದರಿಂದ ನನ್ನ ನಲವತ್ತು ಒಂಟೆಗಳು ಅವಳ ಗಂಡ ಜರ್ರಾಹನ ಹಿಂಡಿನಲ್ಲೇ ಮೇಯುತ್ತಿದ್ದವು. ನನ್ನ ಡೇರೆಯೂ ಅಲ್ಲೇ.

2017ರ ರಂಜಾನಿನಲ್ಲಿ, ಸೌದಿಯವರು ಕತಾರಿನ ಗಡಿ ಮುಚ್ಚಿದರೆಂದು ರೇಡಿಯೋ ಹೇಳಿತು. ಎರಡು ವಾರಕ್ಕೆ ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದ.

"ಯಜಮಾನ್ರೇ, ನಿಮ್ಮ ಒಂಟೆ ಹೊಡ್ಕೊಂಡು ಹೊರಡಿ."

"ಎಲ್ಲಿಗಪ್ಪಾ?"

"ನಿಮ್ಮ ದೇಶಕ್ಕೆ."

"ನಾನೇನು ತಪ್ಪು ಮಾಡ್ದೆ?"

"ನೀವಲ್ಲ. ದೊಡ್ಡೋರು ಮುನಿಸ್ಕೊಂಡಿದಾರೆ. ನಂಗೂ ಇಷ್ಟೇ ಗೊತ್ತಿರೋದು."

ಹಿಂಡು ಬೇರೆ ಮಾಡಲು ನಾನೂ ಜರ್ರಾಹನೂ ಬಿಸಿಲಲ್ಲಿ ಒದ್ದಾಡಿದೆವು.

"ಈ ಕಿವಿ ಹರಿದದ್ದು ನಿಂದೇ ಭಾವ."

"ಅಲ್ಲ ಕಣೋ, ನಿಂದು!"

ಗಡಿ ಬಾಗಿಲಲ್ಲಿ ಸಾವಿರಾರು ಒಂಟೆಗಳ ನಡುವೆ, ಉಪವಾಸದಲ್ಲೇ, ಎರಡು ದಿನ ಕಾದೆ. ದಾಟಿ ಬಂದು ಎಣಿಸಿದರೆ ನಲವತ್ಮೂರು! ಹೆಚ್ಚಿನ ಮೂರು ಜರ್ರಾಹನವು. ಅದರಲ್ಲೊಂದು ಗಬ್ಬದ್ದು.

ಕೂಡಲೇ ಫೋನ್ ಮಾಡಿದೆ. "ಹಿಸ್ಸಾ, ನಿಮ್ಮ ಮೂರು ಒಂಟೆ ಇಲ್ಲಿಗೆ..."

"ಅಣ್ಣಾ, ಆಮೇಲೆ ಮಾತಾಡೋಣ."

ಆಮೇಲೆ ಅವಳು ಫೋನ್ ಎತ್ತಲೇ ಇಲ್ಲ. ನಮ್ಮ ಪರ ಮಾತಾಡಿದವರಿಗೆ ಆ ಕಡೆ ಜೈಲಂತೆ ಎಂದು ಯಾರೋ ಅಂದರು. ನಿಜವೋ ಗಾಳಿಮಾತೋ ತಿಳಿಯಲಿಲ್ಲ. ಅವಳಿಗೆ ಭಯವೋ, ನನ್ನ ಮೇಲೆ ಸಿಟ್ಟೋ? ನನ್ನನ್ನು ಕಳ್ಳ ಅಂದುಕೊಂಡಳೋ?

ಆ ವರ್ಷ ಯಾವುದನ್ನು ನಂಬಬೇಕೋ ಗೊತ್ತಾಗುತ್ತಿರಲಿಲ್ಲ. ಸೌದಿಯಿಂದ ಹಾಲು ಬರುವುದು ನಿಂತದ್ದಕ್ಕೆ ಹಸುಗಳೇ ವಿಮಾನದಲ್ಲಿ ಬಂದಿಳಿದವು ಎಂದ ಮೊಮ್ಮಗಳನ್ನು ಗದರಿಸಿದೆ. ಅವಳು ಟಿವಿ ಹಾಕಿ ತೋರಿಸಿದಳು.

ಚಳಿಗಾಲದಲ್ಲಿ ಜರ್ರಾಹನ ಗಬ್ಬದ ಒಂಟೆ ಮರಿ ಹಾಕಿತು. ಅದೇ ವಾರ ನೆಂಟರೊಬ್ಬರ ಮೂಲಕ ಜರ್ರಾಹ ಹೇಳಿಕಳಿಸಿದ: ಕುವೈತಿಗೆ ಬಾ, ಅಲ್ಲಿಗೆ ಇಬ್ಬರಿಗೂ ದಾರಿ ತೆರೆದಿದೆ, ನಾವೂ ಬರುತ್ತೇವೆ. ಎರಡು ಗಂಟೆ ದಾರಿಯ ತಂಗಿಯನ್ನು ನೋಡಲು, ಅರವತ್ತನೇ ವಯಸ್ಸಿನಲ್ಲಿ, ಮೊದಲ ಸಲ ವಿಮಾನ ಹತ್ತಿದೆ.

ಹಿಸ್ಸಾ ನನ್ನ ಕೈ ಹಿಡಿದು ಅತ್ತಳು.

"ನಾನು ಕದ್ದೆ ಅಂದ್ಕೊಂಡ್ಯಾ?" ಎಂದೆ.

"ಥೂ, ಹುಚ್ಚಣ್ಣ! ನೀನೇ ಮುನಿಸ್ಕೊಂಡಿದೀಯ ಅಂತ ನಾನು ಆರು ತಿಂಗಳಿಂದ ಅಳ್ತಿದೀನಿ."

"ಮತ್ತೆ ಫೋನ್ ಯಾಕೆ ಎತ್ಲಿಲ್ಲ?"

"ಎತ್ತಬೋದೋ ಬಾರ್ದೋ ಅಂತ ಯಾರೂ ಹೇಳ್ಲಿಲ್ವಲ್ಲ ಅಣ್ಣಾ."

ಜರ್ರಾಹ ನಕ್ಕ. "ಒಂಟೆ ಅಲ್ಲೇ ಇರ್ಲಿ ಬಿಡು ಭಾವ. ಮರಿ ಹೆಣ್ಣಾ, ಗಂಡಾ?"

"ಹೆಣ್ಣು," ಎಂದೆ.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ, ಮಾತಾಡುತ್ತ ಮಾತಾಡುತ್ತ, ನಾನು ಸೌದಿಯ ವಿಮಾನಕ್ಕೆ ನಿಂತ ಅವರ ಸಾಲಿನಲ್ಲೇ ನಿಂತುಬಿಟ್ಟಿದ್ದೆ. ಅಲ್ಲಿನ ಹೆಂಗಸು ನನ್ನ ಟಿಕೆಟ್ ನೋಡಿ, ಮೆತ್ತಗೆ, ಇನ್ನೊಂದು ಬಾಗಿಲು ತೋರಿಸಿದಳು.